ಗಾಲಿ ಬದಲಿಸುವ ಮುನ್ನ ಸುತ್ತು ಎಣಿಸಿ

ಎಟಿವಿಗೆ (ಹೊಲ, ಗುಡ್ಡದಲ್ಲಿ ಓಡಿಸುವ ನಾಲ್ಕು ಗಾಲಿಯ ಸಣ್ಣ ಗಾಡಿ) ಹೊಸ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಗಾಲಿ ಹಾಕಿಸಿ ತಿಂಗಳಾಗುವಷ್ಟರಲ್ಲಿ ನಟ್ಟು ಸಡಿಲಾಯಿತು, ಸ್ಟಡ್ (ನಟ್ಟು ಕೂರುವ ಬೋಲ್ಟು) ತುಂಡಾಯಿತು ಎಂದರೆ ಗಾಲಿಯನ್ನು ಬೈಯುವ ಮೊದಲು ಒಂದು ಲೆಕ್ಕ ನೋಡಬೇಕು: ನಟ್ಟು ಸ್ಟಡ್‌ನ ಮೇಲೆ ಎಷ್ಟು ಸುತ್ತು ಹಿಡಿದಿತ್ತು? ಕಂಪನಿಯ ಸ್ಟೀಲ್ ಗಾಲಿಯ ತಗಡು ಮೂರ್ನಾಲ್ಕು ಮಿಲಿಮೀಟರ್ ದಪ್ಪ. ಅಲಾಯ್ ಗಾಲಿಯಲ್ಲಿ ಅದೇ ಜಾಗ ಹತ್ತು ಹನ್ನೆರಡು ಮಿಲಿಮೀಟರ್, ಕೆಲವದರಲ್ಲಿ ಇನ್ನೂ ಹೆಚ್ಚು. ಆ ಹೆಚ್ಚುವರಿ ದಪ್ಪವನ್ನು ಹಳೆಯ ಸ್ಟಡ್ಡೇ ತುಂಬಿಕೊಡಬೇಕು. ಉದ್ದ ಸಾಲದಿದ್ದರೆ ನಟ್ಟು ಮೂರು ನಾಲ್ಕು ಸುತ್ತಿನಲ್ಲೇ ಬಿಗಿಯಾದಂತೆ ಕಾಣುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಲಬುರಗಿ, ಯಾದಗಿರಿ ಕಡೆಯ ಯರಿ (ಕಪ್ಪು ಮಣ್ಣಿನ) ಹೊಲದಲ್ಲಿ ಈ ತಪ್ಪು ಬೇಗ ಬಯಲಾಗುತ್ತದೆ. ಮಳೆಗಾಲದ ರಾಡಿ ಟೈರಿಗೆ ಮೆತ್ತಿಕೊಂಡು ಗಾಲಿಯನ್ನು ಹಿಡಿದೆಳೆಯುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು, ಪ್ರತಿ ಬಿರುಕೂ ಗಾಲಿಗೆ ಅಡ್ಡ ಏಟು ಕೊಡುತ್ತದೆ. ಹಿಂದಿನ ರ್‍ಯಾಕ್ ಮೇಲೆ ನೂರು ಲೀಟರಿನ ಔಷಧಿ ಡ್ರಮ್ ಇದ್ದರೆ ನೂರು ಕೆಜಿಗೂ ಹೆಚ್ಚು ಭಾರ ಬಂತು. ಇದನ್ನೆಲ್ಲ ತಡೆಯುವುದು ಗಾಲಿಗೆ ನಾಲ್ಕರಂತೆ ಇರುವ, ಕಿರುಬೆರಳಿನಷ್ಟೂ ದಪ್ಪವಿಲ್ಲದ ಸ್ಟಡ್‌ಗಳು.

ಕೊಳ್ಳುವ ಮುಂಚೆ ಅಳೆಯುವುದು

ಮೊದಲು ಸ್ಟಡ್‌ಗಳ ವೃತ್ತದ ಅಳತೆ, ಅಂಗಡಿಯವರು ಪಿಸಿಡಿ ಎನ್ನುವುದು. ನಾಲ್ಕು ಸ್ಟಡ್ ಇರುವ ಹಬ್‌ನಲ್ಲಿ (ಗಾಲಿಯನ್ನು ಹಿಡಿದು ತಿರುಗಿಸುವ ಭಾಗ) ಎದುರುಬದುರಿನ ಎರಡು ಸ್ಟಡ್‌ಗಳನ್ನು ಆರಿಸಿ, ಒಂದರ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದ ಅಳತೆಯಲ್ಲಿ ಒಂದು ಸ್ಟಡ್‌ನ ದಪ್ಪ ಕಳೆಯಿರಿ. ಹೊಂಡಾ, ಯಮಹಾ, ಸುಜುಕಿ ಎಟಿವಿಗಳಲ್ಲಿ ಬಹುಪಾಲು 4/110 (ನಾಲ್ಕು ಸ್ಟಡ್, 110 ಮಿಲಿಮೀಟರ್ ಪಿಸಿಡಿ), ಪೋಲಾರಿಸ್‌ನಲ್ಲಿ ಹೆಚ್ಚಾಗಿ 4/156, ಕ್ಯಾನ್-ಆಮ್‌ನಲ್ಲಿ 4/137 ಸಿಗುತ್ತದೆ. ಅಗ್ಗದ ಸಣ್ಣ ಗಾಡಿಗಳಲ್ಲಿ ಮೂರು ಸ್ಟಡ್ ಇರುವವೂ ಉಂಟು. ಹಾಗಾಗಿ ಹೆಸರು ನೋಡಿ ತರಿಸದೆ ಅಳೆದೇ ತರಿಸಿ.

ಇಲ್ಲೊಂದು ಗುಂಡಿ ಇದೆ, ತಿಳಿದವರೂ ಬೀಳುತ್ತಾರೆ. ಎದುರಿನದರ ಬದಲು ಪಕ್ಕಪಕ್ಕದ ಎರಡು ಸ್ಟಡ್ ಅಳೆದರೆ ಬರುವುದು ಪಿಸಿಡಿಯ 0.707 ಪಾಲು ಮಾತ್ರ. 4/156 ಹಬ್‌ನಲ್ಲಿ ಪಕ್ಕದ ಸ್ಟಡ್‌ಗಳ ನಡುವೆ ಹೆಚ್ಚುಕಡಿಮೆ 110 ಮಿಲಿಮೀಟರ್ ಇರುತ್ತದೆ! ಅದನ್ನೇ ನಂಬಿ 4/110 ಗಾಲಿ ತರಿಸಿದರೆ ದೂರದಿಂದ ಬಂದ ಪೆಟ್ಟಿಗೆ ಹಾಗೇ ವಾಪಸ್ ಹೋಗಬೇಕು.

ಎರಡನೆಯದು ಆಫ್‌ಸೆಟ್. ಗಾಲಿಯ ಮೇಲೆ 5+2, 4+3 ಎಂದು ಅಚ್ಚು ಹಾಕಿರುತ್ತಾರೆ. ಹಬ್‌ಗೆ ಒತ್ತಿ ಕೂರುವ ಮುಖದಿಂದ ಒಳಗಡೆ ಐದು ಇಂಚು, ಹೊರಗಡೆ ಎರಡು ಇಂಚು ಎಂದು ಮೊದಲನೆಯದರ ಅರ್ಥ. ಕೆಲವರು ತಿರುವುಮುರುವಾಗಿಯೂ ಬರೆಯುವುದರಿಂದ ಟೇಪು ಹಿಡಿದು ಖಚಿತ ಮಾಡಿಕೊಳ್ಳಿ. 5+2 ಇದ್ದಲ್ಲಿ 4+3 ಹಾಕಿದರೆ ಪ್ರತಿ ಗಾಲಿ ಒಂದು ಇಂಚು ಹೊರಗೆ ಬರುತ್ತದೆ, ಗಾಡಿ ಒಟ್ಟು ಎರಡು ಇಂಚು ಅಗಲವಾಗುತ್ತದೆ. ಬದುವಿನ ಮೇಲೆ ಓರೆಯಾಗಿ ಹೋಗುವಾಗ ಇದರಿಂದ ಧೈರ್ಯ ಹೆಚ್ಚುವುದು ನಿಜ. ಆದರೆ ಅದೇ ಒಂದು ಇಂಚು ಹಬ್ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್‌ಗಳ ಮೇಲಿನ ಹೊರೆಯನ್ನೂ ಹೆಚ್ಚಿಸುತ್ತದೆ, ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡಂತೆ ತಿರುಗುತ್ತದೆ, ಮಡ್‌ಗಾರ್ಡ್ ದಾಟಿದ ಟೈರು ರಾಡಿಯನ್ನು ನೇರ ಮುಖಕ್ಕೆ ಎಸೆಯುತ್ತದೆ. ಹೊಲದ ಕೆಲಸಕ್ಕೆ ಒಂದು ಇಂಚಿಗಿಂತ ಹೊರಗೆ ತರುವುದನ್ನು ನಾವು ಹೇಳುವುದಿಲ್ಲ.

ಗಾಲಿಯ ನಡುವಿನ ತೂತು ಹಬ್‌ನ ಮೂತಿಗೆ ಸರಾಗವಾಗಿ ಕೂರಬೇಕು, ಒಳಭಾಗ ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ತಾಗಬಾರದು. ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ) ಗಾಡಿಯಾದರೆ ಮುಂದಿನ ಇಲ್ಲವೇ ಹಿಂದಿನ ಟೈರಿನ ಎತ್ತರ ಮಾತ್ರ ಬದಲಿಸಬೇಡಿ. ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಹೋಗಿ ಡಿಫರೆನ್ಶಿಯಲ್‌ಗೆ ಪೆಟ್ಟಾಗುತ್ತದೆ.

ಉದ್ದದ ಸ್ಟಡ್ ಬೇಕೋ ಬೇಡವೋ

ಇದಕ್ಕೆ ಪುಸ್ತಕ ಬೇಡ, ಕೈ ಸಾಕು. ಗಾಲಿಯನ್ನು ಹಬ್ ಮೇಲೆ ಕೂರಿಸಿ, ನಟ್ಟನ್ನು ಬೆರಳಿನಿಂದಲೇ ತಿರುಗಿಸುತ್ತ ಅದು ಗಾಲಿಗೆ ತಾಗುವವರೆಗೆ ಸುತ್ತು ಎಣಿಸಿ. ನಿಯಮ ಸರಳ: ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ಟಿನೊಳಗೆ ಹೋಗಬೇಕು. ಜಪಾನಿ ಎಟಿವಿಗಳಲ್ಲಿ ಹೆಚ್ಚಾಗಿರುವ 10x1.25 (ಹತ್ತು ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 1.25 ಮಿಲಿಮೀಟರ್) ಸ್ಟಡ್‌ಗೆ ಹತ್ತು ಮಿಲಿಮೀಟರ್, ಅಂದರೆ ಎಂಟು ಸುತ್ತು. 12x1.5 ಸ್ಟಡ್‌ಗೂ ಲೆಕ್ಕ ಎಂಟೇ. ಹಳೆಯ ಪೋಲಾರಿಸ್‌ಗಳಲ್ಲಿ ಬರುವ 3/8-24 (3/8 ಇಂಚು ದಪ್ಪ, ಇಂಚಿಗೆ 24 ಸುತ್ತು) ಸ್ಟಡ್‌ಗೆ ಒಂಬತ್ತು. ಐದೇ ಸುತ್ತು ಬಂದರೆ 10x1.25ರಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಕೊರತೆ, ಹಳೆಯದಕ್ಕಿಂತ ಐದು ಮಿಲಿಮೀಟರ್ ಹೆಚ್ಚು ಉದ್ದದ ಸ್ಟಡ್ ಸಾಕು. ಬೇಕಾದ್ದಕ್ಕಿಂತ ಬಹಳ ಉದ್ದ ತರಿಸಿದರೆ ಹೊರಗುಳಿದ ಥ್ರೆಡ್ ಕಲ್ಲಿಗೆ ಬಡಿದು ನಜ್ಜಾಗುತ್ತದೆ, ಆಮೇಲೆ ನಟ್ಟು ಬಿಚ್ಚುವುದೇ ಕಷ್ಟ.

ಹೊಳೆಯುವ ಮುಚ್ಚಳದ ನಟ್ಟು ಹಾಕುವವರು ಇನ್ನೊಂದು ನೋಡಬೇಕು. ಉದ್ದದ ಸ್ಟಡ್‌ನ ತುದಿ ನಟ್ಟಿನ ತಳಕ್ಕೆ ಮುಟ್ಟಿಬಿಟ್ಟರೆ ಪಾನಾ (ಸ್ಪ್ಯಾನರ್) ಬಿಗಿಯಾದಂತೆ ನಿಲ್ಲುತ್ತದೆ, ಗಾಲಿ ಮಾತ್ರ ಒಳಗೆ ಸಡಿಲವಾಗೇ ಉಳಿಯುತ್ತದೆ. ನಟ್ಟಿನೊಳಗೆ ಕಡ್ಡಿ ಇಳಿಸಿ ಆಳ ಅಳೆಯಿರಿ, ಇಲ್ಲವೇ ಎರಡೂ ಕಡೆ ತೂತಿರುವ ನಟ್ಟನ್ನೇ ಬಳಸಿ. ನಟ್ಟಿನ ತಳದ ಆಕಾರವೂ ಗಾಲಿಯ ತೂತಿಗೆ ಹೊಂದಬೇಕು. ಕೋನ್ ಆಕಾರದ ತೂತಿಗೆ ಚಪ್ಪಟೆ ನಟ್ಟು ಹಾಕಿದರೆ ಅದು ಅಂಚಿನ ಮೇಲಷ್ಟೇ ಕೂತು, ಅಲ್ಯೂಮಿನಿಯಂ ಸವೆದು, ವಾರದೊಳಗೆ ಸಡಿಲಾಗುತ್ತದೆ.

ಸ್ಪೇಸರ್ (ಗಾಲಿಯನ್ನು ಹೊರಗೆ ತರಲು ಹಬ್‌ಗೂ ಗಾಲಿಗೂ ನಡುವೆ ಇಡುವ ತುಂಡು) ಹಾಕುವವರಿಗೆ ಎರಡು ಬಗೆ ತಿಳಿದಿರಲಿ. ಬರೀ ಬಿಲ್ಲೆಯಂತಿರುವ ಸ್ಪೇಸರಿಗೆ ಉದ್ದದ ಸ್ಟಡ್ ಬೇಕೇ ಬೇಕು. ತನ್ನದೇ ಸ್ಟಡ್ ಇರುವ ಸ್ಪೇಸರಿಗೆ ಉಲ್ಟಾ: ಹಬ್‌ನ ಸ್ಟಡ್ ಅದರ ಮುಖ ದಾಟಿ ಹೊರಗೆ ಬರಬಾರದು, ಬಂದರೆ ಗಾಲಿ ಸಮವಾಗಿ ಕೂರುವುದಿಲ್ಲ.

ಲೇತ್‌ನಲ್ಲಿ ಮಾಡಿಸಿದ ಸ್ಟಡ್ ಬೇಡ

ನಮ್ಮ ಕಡೆ ಲೇತ್ ಕೆಲಸದವರು ನುರಿತವರು, ಮಾದರಿ ಕೊಟ್ಟರೆ ಸಂಜೆಯೊಳಗೆ ಸ್ಟಡ್ ತಯಾರು. ಆದರೂ ಗಾಲಿಯ ಸ್ಟಡ್ ಮಾತ್ರ ಅಲ್ಲಿ ಮಾಡಿಸಬೇಡಿ. ಒಳ್ಳೆಯ ಸ್ಟಡ್‌ನ ದರ್ಜೆ 10.9, ಅಂದರೆ ಸುಮಾರು ಸಾವಿರ ಮೆಗಾಪಾಸ್ಕಲ್ ಎಳೆತ ತಡೆಯುವ, ಶಾಖ ಕೊಟ್ಟು ಹದ ಮಾಡಿದ ಉಕ್ಕು. ಸಾಮಾನ್ಯ ಎಂಎಸ್ (ಮೆತ್ತನೆ ಉಕ್ಕಿನ) ಸರಳು ತಡೆಯುವುದು ಅದರ ಅರ್ಧಕ್ಕಿಂತ ಕಡಿಮೆ. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಉರುಳಿಸಿ ಒತ್ತಿರುತ್ತಾರೆ, ಲೇತ್‌ನಲ್ಲಿ ಕೊರೆಯುತ್ತಾರೆ. ಕೊರೆದ ಥ್ರೆಡ್‌ನ ಬುಡದಲ್ಲೇ ಬಿರುಕು ಹುಟ್ಟುವುದು.

ತರಿಸುವಾಗ ನಾಲ್ಕು ಅಳತೆ ಕೊಡಿ: ಥ್ರೆಡ್, ಒಟ್ಟು ಉದ್ದ, ತಲೆಯ ದಪ್ಪ, ತಲೆಯ ಕೆಳಗಿನ ಹಲ್ಲುಗಳ ವ್ಯಾಸ. ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಹಲ್ಲಿನ ವ್ಯಾಸ 0.2 ಅಥವಾ 0.3 ಮಿಲಿಮೀಟರ್ ಕಡಿಮೆಯಾದರೂ ನಟ್ಟು ಬಿಗಿಯುವಾಗ ಸ್ಟಡ್ ಜೊತೆಗೇ ಗಿರಗಿರ ತಿರುಗಬಹುದು. ಹೆಚ್ಚಾದರೆ ಅಲ್ಯೂಮಿನಿಯಂ ಹಬ್ ಸೀಳಬಹುದು. ತಿರುಗುವ ಸ್ಟಡ್‌ಗೆ ವೆಲ್ಡಿಂಗ್ ಚುಕ್ಕೆ ಇಟ್ಟು ಕೊಡುವವರಿದ್ದಾರೆ. ಆ ಶಾಖಕ್ಕೆ ಉಕ್ಕಿನ ಹದವೇ ಕೆಡುತ್ತದೆ, ಒಪ್ಪಿಕೊಳ್ಳಬೇಡಿ. ಹಬ್‌ನ ತೂತು ಸವೆದಿದ್ದರೆ ಹಬ್ಬನ್ನೇ ಬದಲಿಸಿ.

ಹಬ್ ಬಿಚ್ಚುವುದು

ಹಲವರ ಅಂಗಳದಲ್ಲಿ ಶಹಾಬಾದ್ ಫರಸಿ ಕಲ್ಲು ಹಾಸಿರುತ್ತದೆ. ಕೆಳಗೆ ಮಣ್ಣು ಪೊಳ್ಳಾಗಿದ್ದರೆ ಜ್ಯಾಕಿನ ಸಣ್ಣ ತಳಕ್ಕೆ ಫರಸಿ ಫಟ್ಟೆಂದು ಒಡೆದು ಗಾಡಿ ಕುಸಿಯುತ್ತದೆ. ಒಂದು ಅಡಿ ಚೌಕದ ದಪ್ಪ ಹಲಗೆ ಇಟ್ಟು ಅದರ ಮೇಲೆ ಜ್ಯಾಕ್ ನಿಲ್ಲಿಸಿ, ಎತ್ತಿದ ಮೇಲೆ ಚೌಕಟ್ಟಿಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೈ ಒಳಗೆ ಹಾಕಬೇಡಿ.

ಗಾಲಿ ನೆಲದ ಮೇಲಿರುವಾಗಲೇ, ಬ್ರೇಕ್ ಹಿಡಿಸಿ, ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ನಡುವಿನ ಕಾಟರ್ ಪಿನ್ (ನಟ್ಟು ತಿರುಗದಂತೆ ತಡೆಯುವ ಸಣ್ಣ ಪಿನ್ನು) ತೆಗೆದು ಆಕ್ಸಲ್ ನಟ್ಟನ್ನೂ ಆಗಲೇ ಸಡಿಲಿಸಿಕೊಳ್ಳಿ. ಎತ್ತಿದ ಮೇಲೆ ಗಾಲಿ ತೆಗೆದು, ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಚೌಕಟ್ಟಿಗೆ ನೇತುಹಾಕಿ. ಬ್ರೇಕ್ ಹೋಸ್‌ನ ಮೇಲೆ ಅದರ ಭಾರ ಬೀಳಬಾರದು. ಕ್ಯಾಲಿಪರ್ ಹೊರಗಿರುವಾಗ ಯಾರೂ ಬ್ರೇಕ್ ಒತ್ತಬಾರದು, ಮಕ್ಕಳು ಸುತ್ತಮುತ್ತ ಇದ್ದರೆ ಲಿವರಿಗೆ ಬಟ್ಟೆ ಕಟ್ಟಿ. ಬಳಿಕ ಹಬ್ಬನ್ನು ಎಳೆದು ತೆಗೆಯಿರಿ.

ಸ್ಟಡ್ ಒತ್ತಿ ಕೂರಿಸುವುದು

ಹಬ್ ಗಾಡಿಯಲ್ಲಿರುವಾಗಲೇ ಸುತ್ತಿಗೆಯಿಂದ ಸ್ಟಡ್ ಹೊಡೆದು ಉರುಳಿಸುವುದು ಎಲ್ಲೆಡೆ ಕಾಣುವ ಅಡ್ಡದಾರಿ. ಆ ಪೆಟ್ಟು ನೇರ ಬೇರಿಂಗ್‌ಗೆ ಹೋಗುತ್ತದೆ. ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ತಗ್ಗು ಬಿದ್ದು, ತಿಂಗಳ ನಂತರ ಗರಗರ ಸದ್ದು ಶುರುವಾಗುತ್ತದೆ. ಟ್ರ್ಯಾಕ್ಟರ್ ಬೇರಿಂಗ್ ಕೆಲಸ ಮಾಡುವ ಅಂಗಡಿಗಳಲ್ಲಿ ಹೈಡ್ರಾಲಿಕ್ ಪ್ರೆಸ್ ಇರುತ್ತದೆ, ಹಬ್ ಹಿಡಿದುಕೊಂಡು ಅಲ್ಲಿಗೇ ಹೋಗಿ. ಸ್ಟಡ್‌ನ ತಲೆಯಿರುವ ಬದಿಗೆ, ತಲೆ ಇಳಿಯುವಷ್ಟು ಅಗಲದ ಪೈಪಿನ ತುಂಡನ್ನು ಆಧಾರ ಕೊಟ್ಟು ತುದಿಯಿಂದ ಒತ್ತಿ ಹೊರಗೆ ಹಾಕಬೇಕು. ಹೀಗಿದ್ದರೆ ಹಬ್ ಬಾಗುವುದಿಲ್ಲ.

ಹೊಸ ಸ್ಟಡ್‌ಗಳನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಇಳಿಯುತ್ತವೆ. ತೂತಿನಲ್ಲಿ ಹಳೆಯ ಹಲ್ಲುಗಳ ಗುರುತು ಇರುತ್ತದೆ. ಸ್ಟಡ್ಡನ್ನು ಬೆರಳಿನಿಂದ ನಿಧಾನ ತಿರುಗಿಸುತ್ತ ಹೋದರೆ ಒಂದು ಕಡೆ ಹಲ್ಲು ಆ ಗುರುತಿನೊಳಗೆ ಟಕ್ಕೆಂದು ಕೂರುವುದು ಕೈಗೆ ತಿಳಿಯುತ್ತದೆ. ಅಲ್ಲಿ ನೇರ ಹಿಡಿದು ಒತ್ತಿ. ತಲೆ ಹಬ್‌ಗೆ ಪೂರ್ತಿ ಅಂಟಿದಾಗ ಪ್ರೆಸ್‌ನ ಹಿಡಿಕೆ ಒಮ್ಮೆಲೇ ಭಾರವಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಈಗ ತಲೆಯ ಸುತ್ತ 0.05 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಯಾವ ಕಡೆಯೂ ಒಳಗೆ ಹೋಗಬಾರದು. ಅಷ್ಟು ಸಂದು ಉಳಿದರೂ ಓಡಾಟದಲ್ಲಿ ತಲೆ ಇನ್ನಷ್ಟು ಒಳಗೆ ಸರಿದು ನಟ್ಟಿನ ಬಿಗಿ ಬಿಟ್ಟುಹೋಗುತ್ತದೆ.

ಪ್ರೆಸ್ ಸಿಗದಿದ್ದರೆ ನಟ್ಟಿನಿಂದ ಎಳೆದು ಕೂರಿಸಬಹುದು: ಸ್ಟಡ್‌ಗೆ ನಾಲ್ಕೈದು ದಪ್ಪ ವಾಷರ್ ಹಾಕಿ, ನಡುವೆ ಗ್ರೀಸ್ ಹಚ್ಚಿ, ಹಳೆಯ ನಟ್ಟನ್ನು ಚಪ್ಪಟೆ ಬದಿ ವಾಷರಿಗೆ ಬರುವಂತೆ ತಿರುವಿಹಾಕಿ, ಕೈ ಪಾನಾದಿಂದ ನಿಧಾನ ಎಳೆಯಿರಿ. ಇಂಪ್ಯಾಕ್ಟ್ ಗನ್ (ನಟ್ಟು ಬಿಗಿಯುವ ಯಂತ್ರ) ಬಳಸಿದರೆ ಥ್ರೆಡ್ ಕಿತ್ತುಬರುತ್ತದೆ. ಹೊಸ ಗಾಲಿಯ ನಟ್ಟು ಈ ಕೆಲಸಕ್ಕೆ ಬೇಡ, ಎಳೆದ ಮೇಲೆ ಸ್ಟಡ್‌ನ ಗ್ರೀಸನ್ನು ಥಿನ್ನರಿನಿಂದ ಒರೆಸಿ ಒಣಗಿಸಿ.

ಹಬ್ ಮರಳಿ ಜೋಡಿಸಿದ ತಕ್ಷಣ, ಗಾಲಿ ಹಾಕುವ ಮುಂಚೆಯೇ ಕೈಯಿಂದ ತಿರುಗಿಸಿ ನೋಡಿ. ಹೊಸ ಸ್ಟಡ್‌ನ ತಲೆ ದಪ್ಪವಾಗಿದ್ದರೆ ಹಿಂದೆ ಕ್ಯಾಲಿಪರ್ ಬ್ರ್ಯಾಕೆಟ್‌ಗೆ ಉಜ್ಜುತ್ತದೆ. ಆಕ್ಸಲ್ ನಟ್ಟನ್ನು ಗಾಡಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ (ತಿರುಗಿಸಿ ಬಿಗಿಯುವ ಬಲದ ಅಳತೆ) ಬಿಗಿದು, ಪಿನ್ನಿನ ತೂತು ಸೇರದಿದ್ದರೆ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಬಿಡಬೇಡಿ. ಕಾಟರ್ ಪಿನ್ ಹೊಸದೇ ಆಗಲಿ.

ಗಾಲಿ ಏರಿಸಿ ಬಿಗಿಯುವುದು

ಹಬ್‌ನ ಮುಖವನ್ನೂ ಗಾಲಿಯ ಮುಖವನ್ನೂ ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ. ಒಣಗಿದ ಯರಿ ಮಣ್ಣು ಸಿಮೆಂಟಿನಷ್ಟು ಗಟ್ಟಿ. ಉಗುರಿನಷ್ಟು ತೆಳುವಾದ ಪದರ ಉಳಿದರೂ ಗಾಲಿ ಅದರ ಮೇಲೇ ಕೂರುತ್ತದೆ, ಎರಡು ದಿನದ ಓಡಾಟಕ್ಕೆ ಅದು ಪುಡಿಯಾಗಿ ಉದುರಿದಾಗ ನಾಲ್ಕೂ ನಟ್ಟು ಒಟ್ಟಿಗೆ ಸಡಿಲ. ಗಾಲಿಗೆ ದಪ್ಪ ಬಣ್ಣ ಹೊಡೆಸಿದಾಗಲೂ ಇದೇ ಆಗುತ್ತದೆ, ಕೂರುವ ಮುಖಕ್ಕೆ ಬಣ್ಣ ತಾಗಿಸಬೇಡಿ.

ಥ್ರೆಡ್‌ಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಬೇಕಾದ್ದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ನಾಲ್ಕೂ ನಟ್ಟನ್ನು ಬೆರಳಿನಿಂದ ಹತ್ತಿಸಿ, ಎದುರುಬದುರು ಕ್ರಮದಲ್ಲಿ ಮೊದಲು ಅರ್ಧ ಟಾರ್ಕ್, ಆಮೇಲೆ ಪೂರ್ತಿ. 10 ಮಿಲಿಮೀಟರ್ ಸ್ಟಡ್‌ಗೆ ಸಾಮಾನ್ಯವಾಗಿ 45ರಿಂದ 65 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಅಂತಿಮ, ಅಲಾಯ್‌ಗೂ ಸ್ಟೀಲ್‌ಗೂ ಬೇರೆ ಬೇರೆ ಅಂಕಿ ಕೊಟ್ಟಿರುವುದೂ ಉಂಟು. ಟಾರ್ಕ್ ಪಾನಾ ಬಾಡಿಗೆಗಾದರೂ ತನ್ನಿ. ಒಂದಡಿ ಪಾನಾದ ತುದಿಯಲ್ಲಿ ಹದಿನೆಂಟು ಹತ್ತೊಂಬತ್ತು ಕೆಜಿ ಒತ್ತಿದರೆ 55 ನ್ಯೂಟನ್ ಮೀಟರ್ ಆಗಿಬಿಡುತ್ತದೆ. ಅರ್ಧ ಮೀಟರಿನ ಪೈಪು ಸಿಕ್ಕಿಸಿ ಅರವತ್ತು ಕೆಜಿಯ ಆಳು ಕಾಲಿಟ್ಟು ನಿಂತರೆ ಸುಮಾರು 300. ಸ್ಟಡ್ ಆಗ ಮುರಿಯದೆ ಉಳಿದರೂ ಒಳಗೆ ಎಳೆದು ಸಣ್ಣಗಾಗಿರುತ್ತದೆ, ಮುಂದೆ ಎಲ್ಲೋ ಹಳ್ಳ ದಾಟುವಾಗ ತುಂಡಾಗುತ್ತದೆ.

ಗಾಳಿಯ ವಿಷಯದಲ್ಲೂ ಪಂಚರ್ ಅಂಗಡಿಯ ಅಂದಾಜು ನಡೆಯದು. ಎಟಿವಿ ಟೈರಿಗೆ ಸಾಮಾನ್ಯವಾಗಿ ಬೇಕಾದದ್ದು 5ರಿಂದ 7 ಪಿಎಸ್‌ಐ ಮಾತ್ರ, ಲಾರಿ ಟೈರು ನೋಡುವ ಗೇಜಿನಲ್ಲಿ ಅಷ್ಟು ಸಣ್ಣ ಅಂಕಿ ಸರಿಯಾಗಿ ಓದಲು ಬರುವುದಿಲ್ಲ. 0ಯಿಂದ 15 ಪಿಎಸ್‌ಐವರೆಗಿನ ಗೇಜ್ ಒಂದನ್ನು ನೀವೇ ಇಟ್ಟುಕೊಳ್ಳಿ. ಟೈರಿನ ಅಂಚು ರಿಮ್ಮಿಗೆ ಕೂರಿಸುವಾಗಲೂ ಟೈರಿನ ಗೋಡೆಯ ಮೇಲೆ ಬರೆದ ಮಿತಿ ದಾಟಬಾರದು.

ಮೊದಲ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ, ಎಂಬತ್ತಕ್ಕೆ ಇನ್ನೊಮ್ಮೆ ಟಾರ್ಕ್ ನೋಡಿ. ನಾಲ್ಕೂ ನಟ್ಟಿನಿಂದ ಗಾಲಿಯವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ, ಆಮೇಲೆ ದಿನಾ ಬೆಳಿಗ್ಗೆ ಕಣ್ಣಾಡಿಸಿದರೆ ಸಾಕು, ಗೆರೆ ಮುರಿದ ನಟ್ಟು ತಾನೇ ಹೇಳುತ್ತದೆ. ಮಳೆಗಾಲದಲ್ಲಿ ಗಾಡಿ ಅದುರುತ್ತಿದ್ದರೆ ನಟ್ಟಿಗಿಂತ ಮೊದಲು ಗಾಲಿಯ ಒಳಬದಿ ನೋಡಿ. ಅಲಾಯ್ ಗಾಲಿಯ ಬಟ್ಟಲಿನಂಥ ಹೊಟ್ಟೆಯಲ್ಲಿ ರಾಡಿ ಒಂದೇ ಮಗ್ಗುಲಿಗೆ ಒಣಗಿ ಕೂತಿರುತ್ತದೆ. ಹಸಿ ಇರುವಾಗಲೇ ನೀರು ಹೊಡೆದು ಬಿಡಿಸಿ, ಒಣಗಿದ ಮೇಲೆ ಅದು ಉಳಿಗೂ ಬಗ್ಗುವುದಿಲ್ಲ.