ತೂಕದ ಯಂತ್ರದ ಜೊತೆಗೆ ಒಂದು ಟೇಪು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ಸುತ್ತಲೂ ದ್ರಾಕ್ಷಿ ತೋಟ. ಆದರೂ ನಮ್ಮ ಮಕ್ಕಳ ಬಾಯಿಗೆ ಹಣ್ಣು ಬೀಳುವುದು ಕಡಿಮೆ. ಕೇಳಿದರೆ "ಅವು ಮಾರಾಕ ಅದಾವ್ರೀ ಸರ್" ಅನ್ನುತ್ತಾರೆ. ಬಿಡುವಿನಲ್ಲಿ ಕೈಯಲ್ಲಿ ಚಿಪ್ಸ್ ಪಾಕೀಟು.

ಮಕ್ಕಳ ಆರೋಗ್ಯ ತಿಳಿಯಲು ಎತ್ತರ, ತೂಕ ಬರೆದುಕೊಂಡು ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ತೋರಿಸುವ ಅಂಕಿ) ಲೆಕ್ಕ ಹಾಕಿದರೆ ಸಾಕು ಅಂತ ಹೆಚ್ಚಿನವರು ತಿಳಿದಿದ್ದಾರೆ. ಹರೆಯದ ಮಕ್ಕಳಿಗೆ ಅಷ್ಟೇ ಸಾಲದು. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರ ಎತ್ತರವೂ ತೂಕವೂ ಹೆಚ್ಚುಕಡಿಮೆ ಒಂದೇ. ಒಬ್ಬ ಕಬಡ್ಡಿ ಆಡುವವನು, ತೊಡೆ, ಭುಜ ಗಟ್ಟಿ. ಇನ್ನೊಬ್ಬನ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಬಿಎಂಐ ಇಬ್ಬರಿಗೂ ಒಂದೇ. ಸ್ನಾಯು ಎಷ್ಟು, ಕೊಬ್ಬು ಎಷ್ಟು ಅಂತ ಅದು ಹೇಳುವುದಿಲ್ಲ.

ಅದಕ್ಕೇ ಸೊಂಟದ ಸುತ್ತಳತೆ ನೋಡಲು ದರ್ಜಿಯ ಟೇಪು ತಂದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಸುತ್ತಿ, ಮಗು ಉಸಿರು ಬಿಟ್ಟಾಗ ಓದಬೇಕು. ಬಿಗಿಯಬಾರದು. ಆ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಹುಡುಗಿಯರನ್ನು ನಮ್ಮ ಟೀಚರು ಒಳಗೆ ಕೋಣೆಯಲ್ಲಿ ಅಳೆದರು. ಯಾರ ಅಂಕಿಯನ್ನೂ ಗಟ್ಟಿಯಾಗಿ ಓದಲಿಲ್ಲ. ಇದು ಬಹಳ ಮುಖ್ಯ.

ಹತ್ತು ವರ್ಷ ದಾಟಿದವರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಯೂಟದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ಲೆಕ್ಕ ಇರುವುದು 75 ಗ್ರಾಂ ತರಕಾರಿ. ಉಳಿದದ್ದು ಮನೆಯಿಂದಲೇ ಬರಬೇಕಲ್ವಾ?

ಹೊಸದೇನನ್ನೂ ನಾನು ಹುಡುಕಲಿಲ್ಲ. ರೊಟ್ಟಿ ಜೊತೆ ಹಸಿ ತಪ್ಪಲ, ಅಂದರೆ ಸೊಪ್ಪು, ತಿನ್ನುವುದು ನಮ್ಮ ಕಡೆಯ ರೂಢಿಯೇ. ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಸೌತಿಕಾಯಿ, ಗಜ್ಜರಿ (ಕ್ಯಾರೆಟ್). ಮಕ್ಕಳು ಮನೆಯಿಂದ ಒಂದೊಂದು ಹಿಡಿ ತಂದರು. ಬೇರು ಕಿತ್ತು, ಮಣ್ಣು ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ಉಪ್ಪು ಹಾಕಿ, ಮೇಲೆ ನಮ್ಮ ಇಂಡಿ ಊರಿನ ಕಡೆಯ ಲಿಂಬೆ ಹಿಂಡಿದರೆ ಪಚಡಿ ಆಯ್ತು. ಲಿಂಬೆ ಸುಮ್ನೆ ರುಚಿಗಲ್ಲ. ಅದರ ಸಿ ವಿಟಮಿನ್ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಅನ್ನ ಬಡಿಸುವ ಮೊದಲೇ ಪಚಡಿ ಬಡಿಸಿದೆವು. ಅನ್ನದ ಜೊತೆ ಕೊಟ್ಟರೆ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾರೆ. ಮಧ್ಯಾಹ್ನದ ಬಿಡುವಿಗೆ ಪಾಕೀಟಿನ ಬದಲು ಪೇರಲ, ಬಾಳೆ, ಚಳಿಗಾಲದಲ್ಲಿ ಬಾರಿಹಣ್ಣು. ಜ್ಯೂಸ್ ಬೇಡ ಅಂದೆ. ನಾರು ಹೋಗಿ ಸಕ್ಕರೆ ಉಳಿಯುತ್ತದೆ.

"ಬದಲು" ಅನ್ನುವುದೇ ಇಲ್ಲಿ ಗುಟ್ಟು. ಭಜಿಯ ಮೇಲೆ ಬಾಳೆಹಣ್ಣು ತಿಂದರೆ ಹೊಟ್ಟೆ ಕರಗುವುದಿಲ್ಲ.

ಆ ಸಣ್ಣ ಕೈಕಾಲಿನ ಹುಡುಗ ವರ್ಷದಲ್ಲಿ ಎತ್ತರ ಬೆಳೆದ. ಸೊಂಟ ಅಷ್ಟೇ ಉಳಿಯಿತು. ಸಂಜೆ ಮೈದಾನಕ್ಕೂ ಬರತೊಡಗಿದ್ದ, ವಯಸ್ಸೂ ಬೆಳೆಯುವ ವಯಸ್ಸು. ಹಾಗಾಗಿ ಪೂರ್ತಿ ಶ್ರೇಯ ಪಚಡಿಗೆ ಕೊಡಲಾರೆ. ಆದರೆ ಅವನು ಪಾಕೀಟು ಬಿಟ್ಟ, ಅದು ನನಗೆ ದೊಡ್ಡದು.

ಹುಡುಗಿಯರ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಈ ವಯಸ್ಸಿನಲ್ಲಿ ಅವರ ಮೈಯಲ್ಲಿ ಕೊಬ್ಬು ಸ್ವಲ್ಪ ಹೆಚ್ಚುವುದು ಸಹಜ, ಬೇಕಾದದ್ದೇ. ದಪ್ಪ ಆದೆ ಅಂತ ಊಟ ಬಿಡುವವರನ್ನು ನೋಡಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಊಟ ಬಿಡುವ ಹುಡುಗಿಯರ ತಾಯಂದಿರನ್ನು ಕರೆಸಿ ಹೇಳುತ್ತೇನೆ: ರೊಟ್ಟಿ ಕಡಿಮೆ ಮಾಡಬ್ಯಾಡ್ರಿ ಯವ್ವಾ, ಪಲ್ಯ ಹೆಚ್ಚು ಮಾಡ್ರಿ.