ಮಳೆಗೆ ಮೊದಲು ವ್ಯಾನಿನ ಮೂಗು ಮೇಲೆತ್ತಿ

ಕಳೆದ ಮಳೆಗಾಲದಲ್ಲಿ ನಮ್ಮ ಭಾವ ತಮ್ಮ ಡೀಸೆಲ್ ಫೋರ್ ಬೈ ಫೋರ್ ವ್ಯಾನಿಗೆ ಉದ್ದನೆಯ ಸ್ನಾರ್ಕೆಲ್ (ಇಂಜಿನ್‌ಗೆ ಎತ್ತರದಿಂದ ಗಾಳಿ ತರುವ ಕೊಳವೆ) ಹಾಕಿಸಿಕೊಂಡು ತೀರ್ಥಹಳ್ಳಿ ಕಡೆ ಒಂದು ಹಳ್ಳ ದಾಟಿದರು. ಇಂಜಿನ್‌ಗೆ ಒಂದು ಹನಿ ನೀರೂ ಹೋಗಲಿಲ್ಲ. ಆದರೆ ದೀಪಾವಳಿ ಹೊತ್ತಿಗೆ ಹಿಂದಿನ ಕ್ರೌನ್, ಅಂದರೆ ಆಕ್ಸಲ್ ನಡುವಿನ ಗೇರ್, ಕೂಗಲು ಶುರುವಾಯಿತು. ಬೋಲ್ಟು ಬಿಚ್ಚಿದರೆ ಹೊರಗೆ ಬಂದಿದ್ದು ಆಯಿಲ್ ಅಲ್ಲ, ನೀರು ಬೆರೆತು ಹಾಲು ಜಾಸ್ತಿಯಾದ ಕಾಫಿ!

ಇದೇ ತಪ್ಪನ್ನು ನಾನು ನಾಲ್ಕೈದು ಗಾಡಿಗಳಲ್ಲಿ ನೋಡಿದ್ದೇನೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ಊರುಗಳಲ್ಲಿ ಗಾಡಿ ಓಡಿಸುವವರು ಮೇಲಿನಿಂದ ಬೀಳುವ ನೀರಿಗೇ ಹೆದರುತ್ತಾರೆ. ಗಾಡಿ ಕೆಡಿಸುವುದು ಕೆಳಗಿನ ನೀರು. ಮಳೆಗೆ ಮೊದಲು ಮಾಡಬೇಕಾದ ಕೆಲಸಗಳು ಇವು.

1. ಮೊದಲು ಆರ್‌ಸಿ ತೆಗೆದು ನೋಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವ ಆಸೆಯನ್ನೂ ಬಿಡಿ. ಗೂರ್ಖಾದಂಥ ಗಾಡಿಗೆ ಕಂಪನಿಯೇ ಸ್ನಾರ್ಕೆಲ್ ಕೊಡುತ್ತದೆ, ಅದರ ಪ್ರಶ್ನೆ ಬೇರೆ.

2. ಅಡಿಭಾಗ ತೊಳೆದು ಎರಡು ದಿನ ಒಣಗಿಸಿ. ಒದ್ದೆ ಮಣ್ಣಿನ ಮೇಲೇ ಕರಿ ರಬ್ಬರ್ ಕೋಟಿಂಗ್ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಒಳಗೆ ಸಿಕ್ಕಿಕೊಂಡ ಪಸೆ ಚಾಸಿಯನ್ನು ಸದ್ದಿಲ್ಲದೆ ತಿನ್ನುತ್ತದೆ. ಸುಟ್ಟ ಆಯಿಲ್ ಹೊಡೆಯುವುದೂ ಬೇಡ, ರಬ್ಬರ್ ಬುಶ್‌ಗಳು ಹಾಳಾಗುತ್ತವೆ. ತೋಟಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಇದೇ ಗಾಡಿಯಲ್ಲಿ ಮೈಲುತುತ್ತ ಸಾಗಿಸಿದ್ದರೆ ಹಿಂದಿನ ಮ್ಯಾಟ್ ಎತ್ತಿ ಮೂಲೆ ಮೂಲೆ ತೊಳೆಯಿರಿ. ಮೈಲುತುತ್ತದ ನೀರು ಬಿದ್ದ ತಗಡು ಬೇಗ ತೂತು ಬೀಳುತ್ತದೆ.

3. ಆಯಿಲ್‌ಗೆ ನೀರು ಸೇರಿದೆಯೇ ನೋಡಿ. ಮುಂದಿನ ಕ್ರೌನ್, ಹಿಂದಿನ ಕ್ರೌನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬಿ), ನಾಲ್ಕನ್ನೂ ನೋಡಬೇಕು. ಯಾವಾಗಲೂ ಮೇಲಿನ ಫಿಲ್ಲಿಂಗ್ ಬೋಲ್ಟು ಮೊದಲು ಸಡಿಲ ಮಾಡಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟು. ಇದನ್ನು ಉಲ್ಟಾ ಮಾಡಿ, ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ಲಿಂಗ್ ಬೋಲ್ಟು ತಿರುಗದೆ ಭಾನುವಾರ ಇಡೀ ಗಾಡಿ ಕೆಳಗೆ ಮಲಗಿದ್ದವನು ನಾನೇ.

4. ಈಗ ಮೂಗಿನ ಕೆಲಸ. ಕ್ರೌನ್ ಹೌಸಿಂಗ್, ಅಂದರೆ ಅದರ ಕವಚದ ಮೇಲೆ ಬೆರಳ ತುದಿಯಷ್ಟು ಸಣ್ಣ ಟೋಪಿ ಇರುತ್ತದೆ. ಅದು ಬ್ರೀದರ್. ಗಾಡಿ ಓಡಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಅದು ಇಲ್ಲಿಂದ ಹೊರಗೆ ಹೋಗುತ್ತದೆ. ಒಂದು ಗಂಟೆ ಘಾಟಿ ಹತ್ತಿ ಬಂದ ಹೌಸಿಂಗನ್ನು ನೇರ ತಣ್ಣನೆ ಹಳ್ಳಕ್ಕೆ ಇಳಿಸಿದರೆ? ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಹೌಸಿಂಗ್ ಉಸಿರು ಒಳಗೆಳೆಯುತ್ತದೆ, ಆದರೆ ಮೂಗು ನೀರಲ್ಲಿ ಮುಳುಗಿರುತ್ತದೆ. ಬ್ರೀದರಿಂದಲೋ, ಆಯಿಲ್ ಸೀಲ್ ಸಂದಿಯಿಂದಲೋ ನೀರು ಒಳಗೆ ಬರುತ್ತದೆ. ಭಾವನ ಗಾಡಿಯಲ್ಲಿ ಆಗಿದ್ದು ಇಷ್ಟೇ.

ಹಾಗಾಗಿ ಆ ಟೋಪಿ ಬಿಚ್ಚಿ, ಆ ಜಾಗಕ್ಕೆ ಪೈಪ್ ಸಿಕ್ಕಿಸುವ ನಿಪ್ಪಲ್ ಹಾಕಿ, ಪೈಪನ್ನು ಎತ್ತರಕ್ಕೆ ಒಯ್ಯಬೇಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಬ್ರಷ್‌ನಿಂದ ತೆಗೆಯಿರಿ, ಇಲ್ಲವಾದರೆ ಅದು ನೆಟ್ಟಗೆ ಕ್ರೌನ್ ಒಳಗೇ ಬೀಳುತ್ತದೆ. ಹಳೇ ಟೋಪಿಯನ್ನು ಜೇಬಿಗೆ ಹಾಕಿಕೊಂಡು ಹೋಗಿ, ಥ್ರೆಡ್ ತಾಳೆ ನೋಡಿ ನಿಪ್ಪಲ್ ತನ್ನಿ. ಶಿವಮೊಗ್ಗದವರಾದರೆ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಪೈಪ್ ಮಾತ್ರ ಡೀಸೆಲ್ ಲೈನಿಗೆ ಬಳಸುವ ರಬ್ಬರ್ ಪೈಪೇ ಆಗಿರಲಿ. ಗಾರೆಯವರ ಪಾರದರ್ಶಕ ಲೆವೆಲ್ ಪೈಪ್ ಅಗ್ಗ ಅಂತ ಹಾಕುತ್ತಾರೆ. ಬಿಸಿಗೆ ಅದು ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಗಟ್ಟಿಯಾಗಿ ಸೀಳುತ್ತದೆ.

ಅಳತೆ ತೆಗೆಯುವಾಗಲೇ ಎಲ್ಲರೂ ಎಡವುವುದು. ಗಾಡಿ ನೆಲದ ಮೇಲೆ ನಿಂತಿರುವಾಗ ಅಳೆದರೆ ಪೈಪ್ ಗಿಡ್ಡವಾಗುತ್ತದೆ. ಗುಂಡಿಯಲ್ಲಿ ಚಕ್ರ ಕೆಳಗೆ ಜೋತಾಗ ಕಿತ್ತು ಬರುತ್ತದೆ. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಗಟ್ಟಿ ಸ್ಟ್ಯಾಂಡ್ ಇಟ್ಟು, ಆಕ್ಸಲ್ ಪೂರ್ತಿ ಜೋತು ಬೀಳಲಿ. ಆಗ ಅಳೆದು, ಮೇಲೆ ಇನ್ನೊಂದು ಗೇಣು ಸೇರಿಸಿ. ಮುಂದಿನದನ್ನು ಬಾನೆಟ್ ಒಳಗೆ, ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ತಲೆಯವರೆಗೆ ಒಯ್ಯಿರಿ. ಹಿಂದಿನದನ್ನು ಟೇಲ್ ಲ್ಯಾಂಪ್ ಎತ್ತರಕ್ಕೆ. ಸೈಲೆನ್ಸರ್ ಹತ್ತಿರ ಸುಳಿಯಬಾರದು. ದಾರಿಯಲ್ಲಿ ಎಲ್ಲೂ ಜೋಕಾಲಿಯ ಹಾಗೆ ಬಾಗಿ ಇಳಿಯಬಾರದು, ಇಳಿದರೆ ಅಲ್ಲಿ ಪಸೆ ನಿಂತು ಉಸಿರು ಕಟ್ಟುತ್ತದೆ.

ತುದಿಯನ್ನು ಸುಮ್ನೆ ತೆರೆದಿಡಬೇಡಿ. ನಮ್ಮಲ್ಲಿ ಕುಂಬಾರ ಹುಳ ಎರಡೇ ದಿನದಲ್ಲಿ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಮುಚ್ಚಿದರೆ ಒಳಗಿನ ಒತ್ತಡ ಸೀಲ್ ದಾಟಿ ಆಯಿಲನ್ನು ಬ್ರೇಕ್ ಡ್ರಮ್‌ಗೆ ಕಾರಿಸುತ್ತದೆ. ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಒಂದನ್ನು ತುದಿಗೆ ಸಿಕ್ಕಿಸಿ. ಕೊನೆಗೆ ಪೈಪಿಗೆ ಬಾಯಿಟ್ಟು ಮೆಲ್ಲಗೆ ಊದಿ ನೋಡಿ, ಸರಾಗ ಹೋಗಬೇಕು.

ಇಷ್ಟೆಲ್ಲ ಮಾಡಿದರೂ ಹಳ್ಳದ ಮುಂದೆ ಹತ್ತು ನಿಮಿಷ ಗಾಡಿ ನಿಲ್ಲಿಸಿ, ಹೌಸಿಂಗ್ ಆರಲಿ. ಸೀಲ್ ಹಳೆಯದಾಗಿದ್ದರೆ ಇದೇ ಕಾಪಾಡುವುದು.

5. ಡೀಸೆಲ್ ಫಿಲ್ಟರ್. ಡೀಸೆಲ್‌ಗಿಂತ ನೀರು ಭಾರ, ಫಿಲ್ಟರ್ ತಳದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತಳದ ಡ್ರೈನ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ನೋಡಿ. ರಾತ್ರಿ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು, ಖಾಲಿ ಜಾಗದ ಗಾಳಿಯ ತೇವವೇ ನೀರಾಗುವುದು. ಹೊಸ ಫಿಲ್ಟರ್ ಹಾಕಿದ ಮೇಲೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೊಲ್ಲಬೇಡಿ. ಹ್ಯಾಂಡ್ ಪಂಪ್ ಇದ್ದರೆ ಅದು ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ. ಕಾಮನ್ ರೈಲ್ ಇಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಇಂಜಿನ್) ಆದರೆ ಇಂಜೆಕ್ಟರ್ ಪೈಪ್ ಮುಟ್ಟಲೇಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

6. ಫೋರ್ ವೀಲ್ ತಿಂಗಳಿಗೊಮ್ಮೆ ಹಾಕಿ, ಆದರೆ ಮಣ್ಣಿನ ರಸ್ತೆಯಲ್ಲಿ. ಪಾರ್ಟ್ ಟೈಮ್ ಫೋರ್ ವೀಲ್ (ಬೇಕಾದಾಗ ಮಾತ್ರ ಹಾಕಿಕೊಳ್ಳುವ) ಗಾಡಿಯನ್ನು ಒಣ ಡಾಂಬರಿನಲ್ಲಿ ಹಾಗೆ ತಿರುಗಿಸಿದರೆ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಗೇರ್ ಬಿಗಿದುಕೊಳ್ಳುತ್ತದೆ. ಆಮೇಲೆ ಲಿವರ್ ಬರುವುದಿಲ್ಲ ಅಂತ ಮೆಕ್ಯಾನಿಕ್‌ಗೆ ಫೋನು! ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ಸಾಮಾನ್ಯವಾಗಿ ಬಿಡುತ್ತದೆ.

7. ಗಾಡಿಯೊಳಗೆ ಮಲಗಲು ಹಲಗೆ ಹಾಸಿಗೆ. ಇದನ್ನೇ ಎಲ್ಲರೂ ಮೊದಲು ಮಾಡುವುದು, ನನ್ನ ಪ್ರಕಾರ ಕೊನೆಗೆ ಮಾಡಬೇಕು. ನೀರು ತಡೆಯುವ ಪ್ಲೈವುಡ್ ತನ್ನಿ. ಹಲಗೆ ಎತ್ತಿ ತಗಡು ಒರೆಸುವ ಹಾಗಿರಲಿ, ಸ್ಕ್ರೂ ಹೊಡೆದು ಮುಚ್ಚಬೇಡಿ. ಎರಡನೇ ಬ್ಯಾಟರಿ ಇಟ್ಟರೆ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಬಾಗಿಲಿನ ರಬ್ಬರ್ ಹರಿದಿದ್ದರೆ ಈಗಲೇ ಬದಲಿಸಿ. ನೀರು ಹೋಗಲಿ, ಉಂಬಳಗಳು (ಜಿಗಣೆಗಳು) ಬರುವುದೂ ಅಲ್ಲಿಂದಲೇ.