ಐಪಿವಿ6 ಹಾಕ್ತಿದೀರಾ? ಫೈರ್‌ವಾಲಲ್ಲಿ ಎಡವಬೇಡಿ

"ಅಡ್ರೆಸ್ಸು ಉದ್ದ, ಫೋನಲ್ಲಿ ಹೇಳೋಕೂ ಆಗಲ್ಲ" ಅಂತ ಐಪಿವಿ6 (ಇಂಟರ್‌ನೆಟ್ ಅಡ್ರೆಸ್ಸಿನ ಹೊಸ ಪದ್ಧತಿ, ಹಳೇದು ಐಪಿವಿ4) ಬಗ್ಗೆ ಗೊಣಗೋರೇ ಜಾಸ್ತಿ. ಆದ್ರೆ ಅಡ್ರೆಸ್ ಉದ್ದ ಆಗಿದ್ದಕ್ಕೆ ನೆಟ್‌ವರ್ಕ್ ಬಿದ್ದಿದ್ದು ನಾನಂತೂ ನೋಡಿಲ್ಲ, ಬಿದ್ದಿದ್ದೆಲ್ಲ ಫೈರ್‌ವಾಲಲ್ಲಿ (ಬೇಡದ ಟ್ರಾಫಿಕ್ ತಡೆಯೋ ಕಾವಲು), ಅದೂ ಐಪಿವಿ4 ಕಾಲದ ಅಭ್ಯಾಸ ಹಾಗೇ ಎತ್ಕೊಂಡು ಬಂದಿದ್ರಿಂದ.

ಮೊದಲು, ಈಗ ಏನಿದೆ ನೋಡಿ. "ನಮ್ಮಲ್ಲಿ ವಿ6 ಇನ್ನೂ ಇಲ್ಲ" ಅಂತೀರಾ, ಆದ್ರೆ ವಿಂಡೋಸು, ಲಿನಕ್ಸು, ಮ್ಯಾಕು, ಫೋನು ಎಲ್ಲದ್ರಲ್ಲೂ ಅದು ಡೀಫಾಲ್ಟಾಗಿ ಆನ್ ಇರುತ್ತೆ, ಎಫ್‌ಇ80 ಅಂತ ಶುರುವಾಗೋ ಅಡ್ರೆಸ್ಸನ್ನ ತಾವೇ ಮಾಡ್ಕೊಂಡು ಕೂತಿರ್ತವೆ. ಒಳಗಿರೋ ಯಾರೋ ಒಬ್ಬ ನಕಲಿ ರೂಟರ್ ಅಡ್ವರ್ಟೈಸ್‌ಮೆಂಟ್ (ಆರ್‌ಎ, "ನಾನೇ ರೂಟರ್" ಅನ್ನೋ ಮೆಸೇಜು) ಕಳಿಸಿದ್ರೆ ಸಾಕು, ಅವನನ್ನೇ ಗೇಟ್‌ವೇ (ಹೊರಗೆ ಹೋಗೋ ಬಾಗಿಲು) ಅಂತ ನಂಬಿಬಿಡ್ತವೆ. ವಯರ್‌ಶಾರ್ಕ್ (ನೆಟ್‌ವರ್ಕಲ್ಲಿ ಓಡಾಡೋ ಪ್ಯಾಕೆಟ್ ತೋರಿಸೋ ಸಾಫ್ಟ್‌ವೇರು) ಹಾಕಿ ಹತ್ತು ನಿಮಿಷ ನೋಡಿ, ಗೊತ್ತಾಗುತ್ತೆ.

ಅಡ್ರೆಸ್ ಪ್ಲಾನ್ ಸುಲಭ (ಗೀಟಿನ ನಂತರದ ನಂಬರ್ ದೊಡ್ಡದಾದಷ್ಟೂ ಅಡ್ರೆಸ್ ರಾಶಿ ಚಿಕ್ಕದು): ಸೈಟಿಗೊಂದು /48, ವಿಲ್ಯಾನಿಗೊಂದು (ವಿಲ್ಯಾನ್ ಅಂದ್ರೆ ಒಳಗೆ ಬೇರೆ ಮಾಡಿದ ಚಿಕ್ಕ ನೆಟ್‌ವರ್ಕ್) /64, ರೂಟರ್-ರೂಟರ್ ನಡುವೆ /127, ಮುಗೀತು. ಉಳಿತಾಯ ಮಾಡ್ತೀನಿ ಅಂತ ವಿಲ್ಯಾನಿಗೆ /120 ಕೊಡ್ಬೇಡಿ, ಆಟೋ ಕಾನ್ಫಿಗರೇಶನ್ (ಮೆಷಿನ್ ತಾನೇ ಅಡ್ರೆಸ್ ಮಾಡ್ಕೊಳ್ಳೋದು) ಕೆಲಸ ಮಾಡಲ್ಲ.

ಈಗ ಫೈರ್‌ವಾಲ್. ಲಿನಕ್ಸಲ್ಲಿ ಐಪಿಟೇಬಲ್ಸ್ ರೂಲ್ ಬರೆದ್ರೆ ಅದು ವಿ4ಗೆ ಮಾತ್ರ, ವಿ6ಗೆ ಐಪಿ6ಟೇಬಲ್ಸ್ ಬೇರೆ. ಇದನ್ನ ಮರೆತು ಸರ್ವರ್ ಬಾಗಿಲು ತೆರೆದಿಟ್ಟಿದ್ದು ಎಷ್ಟೋ ಸಲ ನೋಡಿದೀನಿ (ಅದರ ಬದಲು ಬಂದ ಹೊಸ ಎನ್‌ಎಫ್‌ಟೇಬಲ್ಸಲ್ಲಿ ಐನೆಟ್ ಟೇಬಲ್ ತಗೊಳ್ಳಿ, ಎರಡಕ್ಕೂ ಒಂದೇ ರೂಲ್). ನ್ಯಾಟ್ (ಹಲವು ಮೆಷಿನ್‌ಗಳಿಗೆ ಒಂದೇ ಪಬ್ಲಿಕ್ ಅಡ್ರೆಸ್ ಹಂಚೋ ವ್ಯವಸ್ಥೆ) ಹಿಂದೆ ಅಡಗಿಕೊಂಡಿದ್ದ ಮೆಷಿನ್‌ಗಳಿಗೆಲ್ಲ ಈಗ ಪಬ್ಲಿಕ್ ಅಡ್ರೆಸ್, ಹಾಗಾಗಿ ಹೊರಗಿಂದ ಬರೋದೆಲ್ಲ ಮೊದಲು ಡಿನೈ, ಬೇಕಾದ್ದಷ್ಟೇ ಅಲೋ.

ಆಮೇಲೆ ಬರೋದೇ ಎಡವಟ್ಟು. ವಿ4ನಲ್ಲಿ ಐಸಿಎಂಪಿ (ಪಿಂಗ್, ಎರರ್ ತಿಳಿಸೋ ಮೆಸೇಜುಗಳು) ಪೂರ್ತಿ ಬ್ಲಾಕ್ ಮಾಡಿ ಸೆಕ್ಯೂರಿಟಿ ಅಂದ್ಕೊಂಡಿದ್ವಲ್ಲ, ವಿ6ನಲ್ಲಿ ಹಾಗೆ ಮಾಡಿದ್ರೆ ಸತ್ತೆವು. ಇಲ್ಲಿ ಎಆರ್‌ಪಿನೇ ಇಲ್ಲ, ಪಕ್ಕದ ಮೆಷಿನ್ ಯಾವುದು ಅಂತ ಕೇಳೋದೂ ಐಸಿಎಂಪಿವಿ6 ಟೈಪ್ 135, 136ರಲ್ಲೇ. ಅದನ್ನ ತಡೆದ್ರೆ ಏನೂ ನಡೆಯಲ್ಲ, ತಕ್ಷಣ ಗೊತ್ತಾಗುತ್ತೆ, ಅದೇ ವಾಸಿ. ಕಾಡೋದು ಟೈಪ್ 2, ಪ್ಯಾಕೆಟ್ ಟೂ ಬಿಗ್. ವಿ6ನಲ್ಲಿ ನಡುವಿನ ರೂಟರ್ ಪ್ಯಾಕೆಟ್ಟನ್ನ ತುಂಡು ಮಾಡಲ್ಲ, "ದೊಡ್ಡದಾಯ್ತು, ಚಿಕ್ಕದು ಕಳಿಸು" ಅಂತ ಕಳಿಸಿದವನಿಗೇ ಹೇಳುತ್ತೆ. ಆ ಮಾತು ನೀವು ತಡೆದ್ರೆ ಪಿಂಗ್ ಹೋಗುತ್ತೆ, ಎಸ್‌ಎಸ್‌ಎಚ್‌ನಿಂದ ದೂರದ ಸರ್ವರಿಗೆ ಲಾಗಿನ್ ಆಗುತ್ತೆ, ದೊಡ್ಡ ಫೈಲ್ ತೆಗೆದ್ರೆ ಮಾತ್ರ ಹಂಗೇ ನಿಂತುಬಿಡುತ್ತೆ. ಬ್ರೌಸರ್ ವಿ4ಗೆ ಹೊರಳುತ್ತಲ್ಲ ಅಂತೀರಾ? ಹೊರಳಲ್ಲ, ಯಾಕಂದ್ರೆ ಕನೆಕ್ಷನ್ ಓಪನ್ ಆಗಿಬಿಟ್ಟಿರುತ್ತೆ, ಮೊದಲ ಪ್ಯಾಕೆಟ್ಟುಗಳೆಲ್ಲ ಚಿಕ್ಕವಲ್ವಾ. ಒಂದು ಕಡೆ ಇದೇ ಸಮಸ್ಯೆಗೆ ಎರಡು ದಿನ ಕೇಬಲ್ ಬದಲಾಯಿಸ್ತಾ ಕೂತಿದ್ರು.

ಹಾಗಾಗಿ ಐಸಿಎಂಪಿವಿ6 ಟೈಪ್ 1ರಿಂದ 4 (ಎರರ್ ಮೆಸೇಜು) ಎಲ್ಲ ಕಡೆ ಅಲೋ ಮಾಡಿ. 133ರಿಂದ 136 (ರೂಟರ್, ಪಕ್ಕದ ಮೆಷಿನ್ ಹುಡುಕೋ ಮೆಸೇಜು) ಆ ಲಿಂಕಿನ ಒಳಗೆ ಮಾತ್ರ, ಹಾಪ್ ಲಿಮಿಟ್ 255 ಇದ್ರೆ ಮಾತ್ರ (ಪ್ರತಿ ರೂಟರ್ ದಾಟಿದಾಗ ಒಂದು ಕಮ್ಮಿಯಾಗೋ ಲೆಕ್ಕ ಇದು, 255 ಇದ್ರೆ ಹೊರಗಿಂದ ಬಂದಿಲ್ಲ ಅಂತ). ಪಿಂಗ್‌ನ 128, 129 ಕೂಡ ಅಲೋ ಮಾಡಿ ಅಂತೀನಿ ನಾನು, /64 ಅಡ್ರೆಸ್ಸಿನ ರಾಶಿಯನ್ನ ಒಂದೊಂದೇ ಪಿಂಗ್ ಮಾಡಿ ಹುಡುಕ್ತಾ ಕೂರೋದು ಆಗೋ ಮಾತಲ್ಲ. ವಿವರ ಬೇಕಂದ್ರೆ ಆರ್‌ಎಫ್‌ಸಿ 4890 (ಇದರ ಬಗ್ಗೆ ಇರೋ ಇಂಟರ್‌ನೆಟ್ ತಾಂತ್ರಿಕ ದಾಖಲೆ) ಓದಿ. ಎಂಎಸ್‌ಎಸ್ ಕ್ಲ್ಯಾಂಪ್ ಮಾಡಿದ್ರೆ (ಪ್ಯಾಕೆಟ್ ಸೈಜನ್ನ ಮೊದಲೇ ಚಿಕ್ಕದು ಮಾಡಿಸಿದ್ರೆ) ಸರಿ ಹೋಗುತ್ತೆ ಅನ್ನೋ ಶಾರ್ಟ್‌ಕಟ್ ಟಿಸಿಪಿಗೆ ಮಾತ್ರ, ಯುಡಿಪಿಗೆ ಅದು ಏನೂ ಮಾಡಲ್ಲ.

ನಕಲಿ ಆರ್‌ಎ ತಡೆಯೋಕೆ ಸ್ವಿಚ್ಚಲ್ಲಿ ಆರ್‌ಎ ಗಾರ್ಡ್ ಆನ್ ಮಾಡಿ. ಡಬ್ಬದ ಮೇಲೆ "ಐಪಿವಿ6 ರೆಡಿ" ಅಂತಿದ್ರೆ ನಂಬಬೇಡಿ, ಕೆಲವು ಸ್ವಿಚ್ಚಲ್ಲಿ ಆ ಫೀಚರ್ರೇ ಇರಲ್ಲ, ಇದ್ರೂ ಪ್ಯಾಕೆಟ್ಟನ್ನ ತುಂಡು ಮಾಡಿ ಕಳಿಸಿದ್ರೆ ಕಣ್ಣು ಮುಚ್ಚಿಕೊಳ್ಳುತ್ತೆ, ತಗೊಳ್ಳೋ ಮುಂಚೆ ಕೇಳಿ. ಡಿಎಚ್‌ಸಿಪಿವಿ6 (ಸರ್ವರಿಂದ ಅಡ್ರೆಸ್ ಹಂಚೋ ವಿಧಾನ) ಒಂದ್ರಲ್ಲೇ ಎಲ್ಲಾ ಅಡ್ರೆಸ್ ಹಂಚ್ತೀನಿ ಅಂತ ಹಠ ಬೇಡ, ಆಂಡ್ರಾಯ್ಡ್ ಫೋನು ಅದ್ರಿಂದ ಬಿಡಿ ಅಡ್ರೆಸ್ ತಗೊಳ್ಳಲ್ಲ.

ಲಾಗ್ ವಿಷಯ. ಡೇಟಾಬೇಸಲ್ಲಿ ಐಪಿ ಕಾಲಮ್ 15 ಅಕ್ಷರ ಇದ್ರೆ 39 ಮಾಡಿ, ಇಲ್ಲಾಂದ್ರೆ ಅರ್ಧ ಅಡ್ರೆಸ್ ಇಟ್ಕೊಂಡು ಯಾರನ್ನ ಹುಡುಕ್ತೀರಾ? ಪ್ರೈವೆಸಿ ಅಡ್ರೆಸ್ (ಗುರುತು ಸಿಗದ ಹಾಗೆ ಮೆಷಿನ್ ತಾನೇ ಮಾಡ್ಕೊಳ್ಳೋ ಅಡ್ರೆಸ್) ಬದಲಾಗ್ತಾನೇ ಇರುತ್ತೆ, ಅದಕ್ಕೆ ತಂಟೆ ಮಾಡೋರನ್ನ ಬ್ಲಾಕ್ ಮಾಡುವಾಗ ಪೂರ್ತಿ /64 ಬ್ಲಾಕ್ ಮಾಡಿ.

ಇಷ್ಟಾದ್ಮೇಲೆ, ಎಲ್ಲಕ್ಕಿಂತ ಕೊನೆಗೆ ಡಿಎನ್‌ಎಸ್ಸಲ್ಲಿ ಕ್ವಾಡ್-ಎ ರೆಕಾರ್ಡ್ (ಹೆಸರಿಗೆ ವಿ6 ಅಡ್ರೆಸ್ ಹೇಳೋ ಎಎಎಎ ನಮೂದು) ಹಾಕಿ, ಟಿಟಿಎಲ್ (ಅದನ್ನ ಎಷ್ಟು ಹೊತ್ತು ನೆನಪಿಟ್ಕೋಬೇಕು ಅನ್ನೋದು) 300 ಸೆಕೆಂಡ್ ಇಟ್ಟು. ಸಂಜೆ ಹಾಕಿ ಮನೆಗೆ ಹೋಗ್ಬೇಡಿ, ಬೆಳಿಗ್ಗೆ ಹಾಕಿ.